ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಗಳು

(ದಾವಣಗೆರೆಯಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳು ಹಾಗೂ ಸ್ಟುಡಿಯೊ ಛಾಯಾಗ್ರಾಹಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

2013ರ ನವೆಂಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಚಿತ್ರ 14 ಕೋಟಿ 24 ಲಕ್ಷ ಡಾಲರಿಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ಅದು ಸುಮಾರು 900 ಕೋಟಿ ರೂಪಾಯಿ. ಅಲ್ಲಿಯವರೆಗೆ ಹರಾಜಿನಲ್ಲಿ ಯಾವ ಕಲಾಕೃತಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಫ್ರಾನ್ಸಿಸ್ ಬೇಕನ್ ಎಂಬ ಚಿತ್ರಕಾರ ತನ್ನ ಗೆಳೆಯನೂ ಚಿತ್ರಕಾರನೂ ಆಗಿದ್ದ ಲೂಸಿಯನ್ ಫ್ರಾಯ್ಡ್‌ನನ್ನು 1969ರಲ್ಲಿ ಮೂರು ಕ್ಯಾನ್ವಾಸುಗಳ ಮೇಲೆ ಬರೆದ ಚಿತ್ರ ಅದು. ಅದನ್ನು ಬರೆಯುವಾಗ ಫ್ರಾಯ್ಡ್ ಎದುರಿಗೆ ಕುಳಿತಿರಲಿಲ್ಲ. ಕೆಲವು ವರ್ಷ ಮೊದಲು ಮಂಚದ ಮೇಲೆ ಕುಳಿತಿದ್ದ ಫ್ರಾಯ್ಡ್‌ನನ್ನು ಬೇರೊಬ್ಬ ವ್ಯಕ್ತಿ ಫೋಟೋ ತೆಗೆದಿದ್ದ. ಬೇಕನ್ ಆಧಾರವಾಗಿ ಇಟ್ಟುಕೊಂಡದ್ದು ಆ ಫೋಟೋಗಳನ್ನು. ಹರಾಜಿನ ಮರುದಿನ ಲೋಕದ ಪತ್ರಿಕೆಗಳೆಲ್ಲ ಬರೆದವನ ಹೆಸರನ್ನೂ ಬರೆಸಿಕೊಂಡವನ ಹೆಸರನ್ನೂ ದೊಡ್ಡದಾಗಿ ಅಚ್ಚು ಮಾಡಿದವು. ಫೋಟೋ ತೆಗೆದವನ ಹೆಸರು ಜಾನ್ ಡೀಕಿನ್. 1972ರಲ್ಲಿ ಆತ ತೀರಿಕೊಂಡಾಗ ಆತನ ಜೀವಮಾನದ ಕೆಲಸದ ದೊಡ್ಡದೊಂದು ಪಾಲು ಲಂಡನ್ನಿನ ಸೋಹೋ ಪೇಟೆಯ ಒಂದು ಮನೆಯಲ್ಲಿ, ಮಂಚದ ಕೆಳಗೆ, ರಟ್ಟಿನ ಪೆಟ್ಟಿಗೆಗಳಲ್ಲಿ ತುರುಕಿದಂತೆ ಬಿದ್ದಿತ್ತು.

ನಾನು ಈ ಹೆಸರನ್ನು ಮೊದಲು ಕೇಳಿದ್ದು 2014ರಲ್ಲಿ. ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಆಕ್ಸ್‌ಫರ್ಡ್ ಬೀದಿಯ ಹಿಂದಿರುವ ರಾಮಿಲೀಸ್ ಬೀದಿಯ ಫೋಟೋಗ್ರಾಫರ್ಸ್ ಗ್ಯಾಲರಿಗೆ ಹೋದೆ. ಫೋಟೋ ಸ್ಟುಡಿಯೊದ ಮನೆಯಲ್ಲಿ ಹುಟ್ಟಿದವಳಾದ್ದರಿಂದ ಅಂಥ ಜಾಗದ ಹೆಸರು ಕಂಡರೆ ಒಳಗೆ ಹೋಗದೆ ಇರಲಾರೆ. ಅಲ್ಲಿ ಡೀಕಿನ್‌ನ ಸೋಹೋ ಚಿತ್ರಗಳ ಪ್ರದರ್ಶನ ನಡೆದಿತ್ತು. ರಾಬಿನ್ ಮ್ಯೂರ್ ಎಂಬ ವಿದ್ವಾಂಸರು ಅದನ್ನು ಸಿದ್ಧಪಡಿಸಿದ್ದರು. ಗೋಡೆಯ ಮೇಲಿನ ಪ್ರಿಂಟುಗಳಲ್ಲಿ ಮೂಲೆ ಹರಿದವು ಇದ್ದವು, ನಡುವೆ ಮಡಿಕೆ ಬಿದ್ದವು ಇದ್ದವು, ಮೇಲ್ಪದರ ಬಿರುಕು ಬಿಟ್ಟು ಕಾಗದದ ಬಿಳುಪು ಕಾಣುವಂಥವೂ ಇದ್ದವು. ನಮ್ಮ ತಂದೆಯವರ ಸ್ಟುಡಿಯೊದಲ್ಲಿ ಅಂಥ ಪ್ರಿಂಟು ಗಿರಾಕಿಯ ಕೈಗೆ ಹೋಗುತ್ತಿರಲಿಲ್ಲ, ಕಸದ ಬುಟ್ಟಿಗೆ ಹೋಗುತ್ತಿತ್ತು. ಅಂಥವುಗಳಿಗೆ ಕಟ್ಟು ಹಾಕಿಸಿ, ದೀಪ ಇಟ್ಟು, ಗೌರವದಿಂದ ತೂಗುಹಾಕಿದ್ದನ್ನು ಕಂಡು ನಾನು ಬಹಳ ಹೊತ್ತು ಅಲ್ಲಿಯೇ ನಿಂತೆ. ಅಂದು ಮನಸ್ಸಿನಲ್ಲಿ ಎದ್ದ ಪ್ರಶ್ನೆಗಳನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಸೋಹೋ ಎಂದರೆ ಏನು ಎಂದು ಹೇಳಬೇಕು. ಅದು ಲಂಡನ್ನಿನ ನಡುಮಧ್ಯದಲ್ಲಿರುವ, ಇಕ್ಕಟ್ಟಾದ ಬೀದಿಗಳ ಒಂದು ಹಳೆಯ ಪೇಟೆ. ಫ್ರಾನ್ಸಿನಿಂದ, ಇಟಲಿಯಿಂದ ವಲಸೆ ಬಂದವರ ಖಾನಾವಳಿಗಳು, ದರ್ಜಿಗಳ ಅಂಗಡಿಗಳು, ಸಂಗೀತದ ಕೋಣೆಗಳು, ಮದ್ಯದಂಗಡಿಗಳು ಒತ್ತೊತ್ತಾಗಿದ್ದ ಜಾಗ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಬಾಂಬಿನಿಂದ ಮುರಿದುಬಿದ್ದ ಲಂಡನ್ನಿನಲ್ಲಿ, ಬಾಡಿಗೆ ಕಡಿಮೆಯಿದ್ದ ಈ ಬೀದಿಗಳಲ್ಲಿ ಚಿತ್ರಕಾರರು, ಕವಿಗಳು, ನಟರು, ಕೆಲಸವಿಲ್ಲದ ಪತ್ರಕರ್ತರು ಒಟ್ಟುಗೂಡಿದರು. ಆ ಕಾಲದ ಇಂಗ್ಲೆಂಡಿನ ಕಾನೂನಿನಂತೆ ಮದ್ಯದಂಗಡಿಗಳು ಮಧ್ಯಾಹ್ನ ಕೆಲವು ತಾಸು ಬಾಗಿಲು ಹಾಕಬೇಕಾಗಿತ್ತು. ಸದಸ್ಯರಿಗಷ್ಟೇ ಪ್ರವೇಶವಿರುವ ಖಾಸಗಿ ಕ್ಲಬ್ಬುಗಳಿಗೆ ಆ ಹೊತ್ತಿನಲ್ಲಿಯೂ ಅನುಮತಿಯಿತ್ತು. ಈ ಸಣ್ಣ ಕಾನೂನಿನ ಸಂದಿಯಿಂದಲೇ ಡೀನ್ ಬೀದಿಯ 41ನೆಯ ನಂಬರಿನ ಮಹಡಿಯ ಮೇಲೆ ಕಾಲನಿ ರೂಮ್ ಎಂಬ ಕ್ಲಬ್ಬು ಹುಟ್ಟಿತು. 1948ರಲ್ಲಿ ಮ್ಯೂರಿಯಲ್ ಬೆಲ್ಚರ್ ಎಂಬ ಹೆಂಗಸು ತೆರೆದ ಆ ಹಸಿರು ಗೋಡೆಯ ಚಿಕ್ಕ ಕೋಣೆಯಲ್ಲಿ ಬೇಕನ್, ಫ್ರಾಯ್ಡ್ ಮುಂತಾದವರು ಹಗಲು ಸಂಜೆಗಳನ್ನು ಕಳೆದರು. ಅದೇ ಕೋಣೆಯ ಖಾಯಂ ಜನರಲ್ಲಿ ಡೀಕಿನ್ ಒಬ್ಬ.

ಇಂಥ ಜೀವನಕ್ಕೆ ಯುರೋಪಿನವರು ಬೊಹೀಮಿಯನ್ ಎಂಬ ಮಾತನ್ನು ಬಳಸುತ್ತಾರೆ. ಬೊಹೀಮಿಯಾ ಎಂಬುದು ಇಂದಿನ ಚೆಕ್ ದೇಶದ ಒಂದು ಭಾಗ. ಅಲೆಮಾರಿ ಜಿಪ್ಸಿಗಳು ಅಲ್ಲಿಂದ ಬಂದವರೆಂದು ಫ್ರೆಂಚರು ತಿಳಿದಿದ್ದರಿಂದ, ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಮನೆ ಮಠ ಕಟ್ಟಿಕೊಳ್ಳದೆ, ನಾಳೆಯ ಅನ್ನಕ್ಕೆ ದಾರಿ ಕಾಣದೆ ಕಲೆಯ ಬೆನ್ನು ಹತ್ತಿದವರಿಗೂ ಅದೇ ಹೆಸರು ಅಂಟಿಕೊಂಡಿತು. ಕನ್ನಡದಲ್ಲಿ ಇದಕ್ಕೆ ಸರಿಯಾದ ಒಂಟಿ ಪದ ಇಲ್ಲ. ಆದರೆ ದಾವಣಗೆರೆಯವರಿಗೆ ಅದನ್ನು ವಿವರಿಸುವುದು ಕಷ್ಟವಲ್ಲ. ದುಗ್ಗಮ್ಮನ ಜಾತ್ರೆಗೆ ನಾಟಕ ಕಂಪನಿಗಳು ಕ್ಯಾಂಪು ಹಾಕಿದ್ದನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯ ಊರು ಇದು. ರಾತ್ರಿಯೆಲ್ಲ ರಾಜ ರಾಣಿಯಾಗಿ ಬೆಳಗಾದರೆ ತಗಡಿನ ಶೆಡ್ಡಿನ ಹಿಂದೆ ಒಲೆ ಹೊತ್ತಿಸುವ, ಊರಿನ ಮರ್ಯಾದಸ್ಥರು ಟಿಕೀಟು ಕೊಂಡು ನೋಡಿ ಮೆಚ್ಚುವ, ಆದರೆ ಮನೆ ಬಾಡಿಗೆಗೆ ಕೇಳಿದರೆ ಕೊಡಲು ಹಿಂದೆಮುಂದೆ ನೋಡುವ ಆ ಜನರ ಬದುಕನ್ನು ನೆನಪಿಸಿಕೊಂಡರೆ ಸೋಹೋದ ಬದುಕಿನ ಅರ್ಧ ತಿಳಿದಂತೆಯೇ. ಉಳಿದ ಅರ್ಧ ಬೇರೆ. ಕಂಪನಿಯಲ್ಲಿ ಶಿಸ್ತು ಇತ್ತು, ಮಾಲೀಕರಿದ್ದರು, ಮೂರನೆಯ ಗಂಟೆಗೆ ಪರದೆ ಏಳಲೇಬೇಕಿತ್ತು. ಸೋಹೋದಲ್ಲಿ ಅದು ಯಾವುದೂ ಇರಲಿಲ್ಲ.

ಡೀಕಿನ್‌ನ ಜೀವನವನ್ನು ಬೇಗ ಹೇಳಿಬಿಡುತ್ತೇನೆ. 1912ರಲ್ಲಿ ಇಂಗ್ಲೆಂಡಿನ ಪಶ್ಚಿಮ ತೀರದ ವಿರಲ್ ಪ್ರಾಂತ್ಯದಲ್ಲಿ ಹುಟ್ಟಿದ. ಆತನಿಗೆ ಆಗಬೇಕಾಗಿದ್ದದ್ದು ಚಿತ್ರಕಾರ. 1938ರಲ್ಲಿ ಲಂಡನ್ನಿನಲ್ಲಿ ತನ್ನ ಚಿತ್ರಗಳ ಪ್ರದರ್ಶನವನ್ನೂ ಮಾಡಿದ್ದ. ಮರುವರ್ಷ ಪ್ಯಾರಿಸಿನಲ್ಲಿ ಕೈಗೆ ಕ್ಯಾಮೆರಾ ಬಂತು. ಯುದ್ಧಕಾಲದಲ್ಲಿ ಸೈನ್ಯದ ಸಿನಿಮಾ ಮತ್ತು ಛಾಯಾಚಿತ್ರ ವಿಭಾಗದಲ್ಲಿದ್ದ. ಯುದ್ಧ ಮುಗಿದ ಮೇಲೆ 1947ರಲ್ಲಿ ವೋಗ್ ಪತ್ರಿಕೆಯ ಲಂಡನ್ ಕಚೇರಿಗೆ ಸೇರಿ, ಮರುವರ್ಷವೇ ಕೆಲಸ ಕಳೆದುಕೊಂಡ. 1951ರಲ್ಲಿ ಮತ್ತೆ ಸೇರಿಸಿಕೊಂಡರು. 1954ರಲ್ಲಿ ಮತ್ತೆ ತೆಗೆದರು. ಕುಡಿತ ವಿಪರೀತವಾಗಿತ್ತು, ಬೆಲೆಬಾಳುವ ಕ್ಯಾಮೆರಾ ಸಾಮಾನುಗಳನ್ನು ಕಳೆಯುತ್ತಿದ್ದ, ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಹಾಗಿದ್ದೂ ಎರಡನೆಯ ಸಲ ಕರೆದರು ಎಂಬುದನ್ನು ಗಮನಿಸಬೇಕು. ಆತ ತೆಗೆದಂಥ ಮುಖವನ್ನು ತೆಗೆಯಬಲ್ಲವರು ಅವರ ಬಳಿ ಬೇರೆ ಯಾರೂ ಇರಲಿಲ್ಲ ಎಂದೇ ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಆ ಮುಖಗಳ ವಿಷಯಕ್ಕೆ ಬರುತ್ತೇನೆ. ಪ್ರದರ್ಶನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವೇ. ಮುಖ ಚೌಕಟ್ಟನ್ನು ತುಂಬಿಕೊಂಡಿರುತ್ತದೆ. ಹಿಂದೆ ಪರದೆಯ ಅಲಂಕಾರವಿಲ್ಲ, ಕೈಯಲ್ಲಿ ಪುಸ್ತಕವಿಲ್ಲ, ಹೂದಾನಿಯಿಲ್ಲ. ಬೆಳಕು ಚರ್ಮದ ರಂಧ್ರಗಳನ್ನು, ಎರಡು ದಿನದ ಗಡ್ಡದ ಕೊಳೆಯನ್ನು, ಕಣ್ಣಿನ ಕೆಳಗಿನ ಚೀಲವನ್ನು, ಒಣಗಿದ ತುಟಿಯನ್ನು ಒಂದೂ ಬಿಡದಂತೆ ತೋರಿಸುತ್ತದೆ. ಯಾರೂ ನಗುತ್ತಿರುವುದಿಲ್ಲ. ಫೋಟೋ ತೆಗೆಸಿಕೊಳ್ಳುವಾಗ ನಾವೆಲ್ಲ ಮುಖಕ್ಕೆ ಹಾಕಿಕೊಳ್ಳುವ ಒಂದು ಮುಚ್ಚಳವಿದೆಯಲ್ಲ, ಅದು ಬಿದ್ದುಹೋಗುವವರೆಗೆ ಕಾದು ಆಮೇಲೆ ಗುಂಡಿ ಒತ್ತಿದಂತೆ ಕಾಣುತ್ತದೆ. ಮನುಷ್ಯಕುಲದ ಕಡೆಗೆ ತನಗೆ ಬಿಡಿಸಿಕೊಳ್ಳಲಾಗದ ಸೆಳೆತವಿದೆ, ಅದರ ಕುರಿತು ಏನಾದರೂ ಸತ್ಯ ಹೊರಬರಲಿ ಎಂದೇ ತಾನು ಫೋಟೋ ತೆಗೆಯುತ್ತೇನೆ, ಹೀಗಾಗಿ ತನ್ನ ಮುಂದೆ ಕುಳಿತವರು ತನಗೆ ಬಲಿಯಾಗುತ್ತಾರೆ ಎಂಬರ್ಥದ ಮಾತನ್ನು ಡೀಕಿನ್ ಬರೆದಿಟ್ಟಿದ್ದಾನೆ. ಬಲಿ ಎಂಬ ಮಾತು ಕಟುವಾದದ್ದು. ಆದರೆ ಆ ಚಿತ್ರಗಳ ಮುಂದೆ ನಿಂತಾಗ ನನಗೆ ಕ್ರೌರ್ಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಲಿಗೆ ಕಂಡಿತು. ಒಂದೇ ಬೆಂಚಿನ ಮೇಲೆ ಕುಳಿತು ಕುಡಿದವನು, ಸಾಲ ಪಡೆದವನು, ಜಗಳವಾಡಿದವನು ಮಾತ್ರ ಅಷ್ಟು ಹತ್ತಿರ ಹೋಗಬಲ್ಲ.

ಎರಡು ಚಿತ್ರಗಳನ್ನು ಹೇಳುತ್ತೇನೆ. ಮೊದಲನೆಯದು ಕವಿ ಡಿಲನ್ ಥಾಮಸ್‌ನದು. ವೇಲ್ಸ್‌ನ ಲಾರ್ನ್ ಎಂಬ ಊರಿನ ಇಗರ್ಜಿಯ ಸ್ಮಶಾನದಲ್ಲಿ, ಬಳ್ಳಿ ಹಬ್ಬಿದ ಸಮಾಧಿಗಳ ನಡುವೆ ಕವಿ ನಿಂತಿದ್ದಾನೆ. ಸೊಂಟದವರೆಗೆ ಹಸಿರು ಅವನನ್ನು ನುಂಗಿದೆ. ಮಣ್ಣಿನೊಳಗೆ ಇಳಿಯುತ್ತಿರುವವನಂತೆ, ಅಥವಾ ಮಣ್ಣಿನಿಂದ ಈಗಷ್ಟೇ ಎದ್ದವನಂತೆ ಕಾಣುತ್ತಾನೆ. ಚಿತ್ರ ತೆಗೆದ ಕೆಲವೇ ವರ್ಷಗಳಲ್ಲಿ, 1953ರ ನವೆಂಬರಿನಲ್ಲಿ, ಥಾಮಸ್ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಅವನನ್ನು ತಂದು ಮಣ್ಣು ಮಾಡಿದ್ದು ಅದೇ ಲಾರ್ನ್‌ನಲ್ಲಿ. ಛಾಯಾಗ್ರಾಹಕನಿಗೆ ಭವಿಷ್ಯ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಇನ್ನೂ ನಲವತ್ತಾಗದ ಕವಿಯ ಊದಿದ ಮುಖವನ್ನು ಮುಚ್ಚುಮರೆಯಿಲ್ಲದೆ ನೋಡಿದವನಿಗೆ ಕಂಡದ್ದು ಅಲ್ಲಿದೆ, ಅಷ್ಟೇ.

ಎರಡನೆಯದು 1952ರಲ್ಲಿ ವೋಗ್‌ಗಾಗಿ ತೆಗೆದ ಬೇಕನ್‌ನ ಚಿತ್ರ. ಅಂಗಿ ಬಿಚ್ಚಿದ ಬೇಕನ್ ನಿಂತಿದ್ದಾನೆ. ಎರಡೂ ಪಕ್ಕದಲ್ಲಿ ಸೀಳಿದ ದನದ ದೇಹದ ಎರಡು ಭಾಗಗಳು ತೂಗುತ್ತಿವೆ. ಬೇಕನ್ ತನ್ನ ಚಿತ್ರಗಳಲ್ಲಿ ಆಗಲೇ ಸೀಳಿ ತೂಗುಹಾಕಿದ ಮಾಂಸವನ್ನು ಬರೆದಿದ್ದ. ಡೀಕಿನ್ ಆ ಚಿತ್ರಲೋಕದೊಳಗೆ ಚಿತ್ರಕಾರನನ್ನೇ ತಂದು ನಿಲ್ಲಿಸಿದ. ಉಡುಪಿನ ಫ್ಯಾಷನ್ನಿಗೆ ಹೆಸರಾದ ಪತ್ರಿಕೆಗಾಗಿ ಇದನ್ನು ತೆಗೆದ ಎಂಬುದನ್ನು ನೆನೆದರೆ ಆತನ ಧೈರ್ಯ ತಿಳಿಯುತ್ತದೆ.

ಈಗ ನಮ್ಮ ತಂದೆಯವರ ಕೆಲಸವನ್ನು ಇದರ ಪಕ್ಕದಲ್ಲಿ ಇಡಬೇಕಾಗಿದೆ. ನಮ್ಮ ಸ್ಟುಡಿಯೊ ಹಳೇ ಪೇಟೆಯಲ್ಲಿತ್ತು. ಮದುವೆಗೆ ಹೆಣ್ಣು ತೋರಿಸುವ ಫೋಟೋ, ಶಾಲೆಯ ಗ್ರೂಪ್ ಫೋಟೋ, ತೀರಿಕೊಂಡ ಹಿರಿಯರ ಎನ್‌ಲಾರ್ಜ್‌ಮೆಂಟು, ಇವು ನಮ್ಮ ಅನ್ನ. ತಂದೆಯವರ ಕೈಚಳಕವಿದ್ದದ್ದು ಟಚಪ್ಪಿನಲ್ಲಿ. ನೆಗೆಟಿವನ್ನು ಇಳಿಜಾರಾದ ಗಾಜಿನ ಮೇಲಿಟ್ಟು, ಕೆಳಗಿನಿಂದ ಕನ್ನಡಿಯ ಬೆಳಕು ಹಾಯಿಸಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಸಿಡುಬಿನ ಕಲೆಗಳನ್ನು ಒಂದೊಂದಾಗಿ ತುಂಬುತ್ತಿದ್ದರು. ನೆಗೆಟಿವಿನಲ್ಲಿ ಪೆನ್ಸಿಲು ಕಪ್ಪಾಗಿ ಕೂತರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ, ಕಲೆ ಮಾಯವಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳ ಮದುವೆ ಆ ಪೆನ್ಸಿಲಿನ ತುದಿಯಿಂದ ಕೂಡಿಬಂದಿದೆ. ಅದನ್ನು ಸುಳ್ಳು ಎಂದು ಹಳಿಯಲು ನನಗೆ ಮನಸ್ಸು ಬಾರದು. ಸಿಡುಬು ಆ ಮಕ್ಕಳಿಗೆ ಮಾಡಿದ ಅನ್ಯಾಯವನ್ನು ಸ್ವಲ್ಪವಾದರೂ ತಿದ್ದುತ್ತಿದ್ದೇನೆ ಎಂದು ತಂದೆಯವರು ನಂಬಿದ್ದರು. ಡೀಕಿನ್ ಮಾಡಿದ್ದು ಇದಕ್ಕೆ ತೀರ ವಿರುದ್ಧವಾದದ್ದು. ಆತ ಒಂದು ಸುಕ್ಕನ್ನೂ ಅಳಿಸಲಿಲ್ಲ. ಗಿರಾಕಿ ಕಾಸು ಕೊಡುವಲ್ಲಿ ಪೆನ್ಸಿಲು ಬೇಕಾಗುತ್ತದೆ; ಆತನ ಮುಂದೆ ಕುಳಿತವರಲ್ಲಿ ಹಲವರು ಗಿರಾಕಿಗಳಾಗಿರಲಿಲ್ಲ, ಜೊತೆಗಾರರಾಗಿದ್ದರು. ಭಾವಚಿತ್ರದ ಎರಡು ದಾರಿಗಳು ಇಲ್ಲಿಯೇ ಕವಲೊಡೆಯುತ್ತವೆ ಎಂದು ನನಗೆ ತೋರುತ್ತದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಡೀಕಿನ್‌ನ ಭಾವಚಿತ್ರಗಳು ನಾಡಾರ್ ಮತ್ತು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರ ನಂತರ ಬಂದವುಗಳಲ್ಲಿಯೇ ಶ್ರೇಷ್ಠವಾದವು ಎಂದು ಬೇಕನ್ ಹೇಳಿದ್ದಾನೆ. ನಾಡಾರ್ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನ ಕಲಾವಿದರ ಛಾಯಾಗ್ರಾಹಕ. ಕ್ಯಾಮೆರಾನ್ ನಮಗೆ ಇನ್ನೂ ಹತ್ತಿರದವರು: 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, 1879ರಲ್ಲಿ ಸಿಲೋನಿನಲ್ಲಿ ತೀರಿಕೊಂಡರು. ನಲವತ್ತೆಂಟನೆಯ ವಯಸ್ಸಿನಲ್ಲಿ ಮಗಳು ಅಳಿಯ ಕೊಟ್ಟ ಕ್ಯಾಮೆರಾದಿಂದ ಕೆಲಸ ಶುರುಮಾಡಿದರು. ಅವರ ಚಿತ್ರಗಳು ಮಸುಕಾಗಿವೆ, ಗಾಜಿನ ತಟ್ಟೆಯ ಮೇಲೆ ಬೆರಳಿನ ಗುರುತುಗಳಿವೆ ಎಂದು ಆ ಕಾಲದ ನಿಪುಣರು ಗೇಲಿ ಮಾಡಿದ್ದರು. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಅವರ ಬಗ್ಗೆ ಇನ್ನೊಂದು ದಿನ ಮಾತನಾಡಬಹುದು.

ಬೇಕನ್ ಅಷ್ಟು ಹೊಗಳಿದ್ದಕ್ಕೆ ಕಾರಣವಿತ್ತು. ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯುವುದು ಅವನಿಗೆ ಒಗ್ಗುತ್ತಿರಲಿಲ್ಲ. ತನಗೆ ಪ್ರಿಯರಾದವರ ಮುಖವನ್ನು ಕ್ಯಾನ್ವಾಸಿನ ಮೇಲೆ ತಿರುಚಿ, ಜಜ್ಜಿ, ಕಲಸುವ ಕೆಲಸವನ್ನು ಅವರ ಕಣ್ಣೆದುರಿನಲ್ಲಿ ಮಾಡಲು ಸಂಕೋಚವಾಗುತ್ತದೆ, ಫೋಟೋ ಇಟ್ಟುಕೊಂಡು ಒಬ್ಬನೇ ಕೆಲಸ ಮಾಡುವುದೇ ಮೇಲು ಎಂದು ಆತ ಸಂದರ್ಶನಗಳಲ್ಲಿ ಹೇಳಿದ್ದಾನೆ. ಅದಕ್ಕಾಗಿ 1960ರ ದಶಕದ ಆರಂಭದಿಂದ ತನ್ನ ಗೆಳೆಯರ ಫೋಟೋಗಳನ್ನು ತೆಗೆದುಕೊಡುವಂತೆ ಡೀಕಿನ್‌ನಿಗೆ ಹಣ ಕೊಟ್ಟು ಹೇಳಿದ. ಹೆನ್ರಿಯೆಟಾ ಮೊರೇಸ್, ಇಸಬೆಲ್ ರಾಸ್‌ಥಾರ್ನ್, ಜಾರ್ಜ್ ಡೈಯರ್, ಮ್ಯೂರಿಯಲ್ ಬೆಲ್ಚರ್, ಲೂಸಿಯನ್ ಫ್ರಾಯ್ಡ್, ಇವರೆಲ್ಲರ ಚಿತ್ರಗಳು ಹೀಗೆ ಬಂದವು. 1967ರಲ್ಲಿ ಬೇಕನ್ ಬರೆದ, ಸೋಹೋದ ಬೀದಿಯಲ್ಲಿ ನಿಂತ ಇಸಬೆಲ್ ರಾಸ್‌ಥಾರ್ನ್‌ಳ ಚಿತ್ರದ ಹಿಂದೆಯೂ ಡೀಕಿನ್‌ನ ಫೋಟೋಗಳಿವೆ.

ಬೇಕನ್ ಆ ಪ್ರಿಂಟುಗಳನ್ನು ಹೇಗೆ ಇಟ್ಟುಕೊಂಡ ಎಂಬುದನ್ನು ನೀವು ತಿಳಿಯಬೇಕು. ಲಂಡನ್ನಿನ ರೀಸ್ ಮ್ಯೂಸ್ ಎಂಬ ಓಣಿಯಲ್ಲಿದ್ದ ಅವನ ಚಿತ್ರಶಾಲೆಯಲ್ಲಿ ನೆಲ ಕಾಣುತ್ತಿರಲಿಲ್ಲ. ಹರಿದ ಪತ್ರಿಕೆ, ಬಣ್ಣದ ಡಬ್ಬಿ, ಕುಂಚ, ಪುಸ್ತಕ, ಫೋಟೋಗಳೆಲ್ಲ ಮೊಣಕಾಲೆತ್ತರ ರಾಶಿ ಬಿದ್ದಿದ್ದವು. ಅವನು ಪ್ರಿಂಟುಗಳನ್ನು ಮಡಿಚುತ್ತಿದ್ದ, ಹರಿಯುತ್ತಿದ್ದ, ಬಣ್ಣದ ಕೈಯಿಂದ ಹಿಡಿಯುತ್ತಿದ್ದ, ತುಳಿಯುತ್ತಿದ್ದ. 1992ರಲ್ಲಿ ಅವನು ತೀರಿಕೊಂಡ ಮೇಲೆ ಆ ಚಿತ್ರಶಾಲೆಯನ್ನು ಧೂಳಿನ ಸಮೇತ ಡಬ್ಲಿನ್ನಿನ ಹ್ಯೂ ಲೇನ್ ಗ್ಯಾಲರಿಗೆ ಸಾಗಿಸಿದರು. ಒಳಗಿದ್ದ 7,000ಕ್ಕೂ ಹೆಚ್ಚು ವಸ್ತುಗಳಿಗೆ ಪಟ್ಟಿ ಮಾಡಿ, ಯಾವುದು ಎಲ್ಲಿ ಬಿದ್ದಿತ್ತೋ ಅಲ್ಲಿಯೇ ಇಟ್ಟು, 2001ರಲ್ಲಿ ಸಾರ್ವಜನಿಕರಿಗೆ ತೆರೆದರು. ಡೀಕಿನ್‌ನ ಎಷ್ಟೋ ಚಿತ್ರಗಳು ಇಂದು ನಮಗೆ ಸಿಗುವುದು ಆ ರಾಶಿಯಿಂದ, ಬಣ್ಣ ಸಿಡಿದ, ಅರ್ಧ ಹರಿದ ತುಂಡುಗಳಾಗಿ.

ಒಬ್ಬನ ಕಲೆ ಇನ್ನೊಬ್ಬನ ಕಲೆಗೆ ಕಚ್ಚಾ ಸಾಮಾನಾದರೆ ಮೊದಲನೆಯವನ ಹೆಸರು ಎಲ್ಲಿ ಹೋಗುತ್ತದೆ? ದಾವಣಗೆರೆಯವರಿಗೆ ಈ ಪ್ರಶ್ನೆಯನ್ನು ಹತ್ತಿಯ ಮಾತಿನಲ್ಲಿ ಕೇಳಬಹುದು. ಸೀರೆ ನೋಡಿದವರು ನೇಯ್ದವರನ್ನು ಕೇಳಬಹುದು, ನೂಲು ತೆಗೆದವರನ್ನು ಯಾರೂ ಕೇಳುವುದಿಲ್ಲ. ಡೀಕಿನ್ ಉಪೇಕ್ಷೆಗೆ ಒಳಗಾಗಲು ಇದು ಒಂದು ಕಾರಣ. ಇನ್ನೊಂದು ಕಾರಣ ಆತನೇ. ಫೋಟೋಗ್ರಫಿಯನ್ನು ಆತ ತನ್ನ ನಿಜವಾದ ಕಲೆ ಎಂದು ಎಣಿಸಲೇ ಇಲ್ಲ. ಚಿತ್ರಕಾರನಾಗಬೇಕೆಂಬ ಆಸೆ ಸಾಯಲಿಲ್ಲ. ಕೊನೆಯ ವರ್ಷಗಳಲ್ಲಿ ಕ್ಯಾಮೆರಾ ಬದಿಗಿಟ್ಟು ಮತ್ತೆ ಚಿತ್ರ ಬರೆಯಲು, ಕಾಗದದ ತುಂಡುಗಳನ್ನು ಅಂಟಿಸಿ ಕೊಲಾಜ್ ಮಾಡಲು ಹೋದ. ತಾನು ಅಸಾಧಾರಣವಾಗಿ ಮಾಡಬಲ್ಲ ಕೆಲಸವನ್ನು ಕೀಳೆಂದು ಭಾವಿಸಿದ್ದು ನನಗೆ ಅತ್ಯಂತ ದುಃಖದ ಸಂಗತಿಯಾಗಿ ತೋರುತ್ತದೆ. ನಮ್ಮ ತಂದೆಯವರೂ "ನಾನು ಕಲಾವಿದ ಅಲ್ಲ, ಫೋಟೋದವನು" ಎಂದೇ ಹೇಳುತ್ತಿದ್ದರು.

ಹೆನ್ರಿಯೆಟಾ ಮೊರೇಸ್‌ಳ ಪ್ರಸಂಗವನ್ನು ಮುಚ್ಚಿಟ್ಟು ಡೀಕಿನ್‌ನನ್ನು ಹೊಗಳುವುದು ನ್ಯಾಯವಾಗುವುದಿಲ್ಲ. ಬೇಕನ್‌ನ ಚಿತ್ರಕ್ಕೆಂದು ಆಕೆ ತನ್ನ ಮನೆಯಲ್ಲಿ ಬಟ್ಟೆಯಿಲ್ಲದೆ ಫೋಟೋ ತೆಗೆಸಿಕೊಳ್ಳಲು ಒಪ್ಪಿದ್ದಳು. ಆ ಚಿತ್ರಗಳು ಬೇಕನ್‌ನ ಕೈಗೆ ಮಾತ್ರ ಹೋಗುತ್ತವೆ ಎಂಬುದು ಆಕೆಯ ನಂಬಿಕೆ. ಆಮೇಲೆ ಸೋಹೋದ ಒಂದು ಮದ್ಯದಂಗಡಿಯಲ್ಲಿ ಡೀಕಿನ್ ಅವನ್ನು ನಾವಿಕರಿಗೆ ಮಾರುತ್ತಿದ್ದುದನ್ನು ಆಕೆಯೇ ಕಂಡಳು. ಆತನ ಕಣ್ಣು ಎಷ್ಟು ದೊಡ್ಡದೋ ಆ ತಪ್ಪೂ ಅಷ್ಟೇ ದೊಡ್ಡದು. ಸ್ಟುಡಿಯೊ ನಡೆಸುವವರಿಗೆ ಇದರ ಭಾರ ಗೊತ್ತಿದೆ. ಕತ್ತಲೆ ಕೋಣೆಯಲ್ಲಿ ನಾವು ತೊಳೆಯುವುದು ಇನ್ನೊಬ್ಬರ ಮಾನವನ್ನು. ಕಂಪನಿಯ ನಟಿಯರ ಫೋಟೋ ಒಂದು ಪ್ರತಿ ಕೊಡಿ ಎಂದು ಪೇಟೆಯ ದೊಡ್ಡ ಮನುಷ್ಯರು ಹೇಳಿ ಕಳಿಸಿದಾಗಲೆಲ್ಲ ನಮ್ಮ ತಂದೆಯವರು ನೆಗೆಟಿವು ಕಂಪನಿಯ ಮ್ಯಾನೇಜರ ಬಳಿಯಿದೆ ಎಂದು ಹೇಳಿ ಕಳಿಸಿಬಿಡುತ್ತಿದ್ದರು. ನೆಗೆಟಿವು ನಮ್ಮ ಟ್ರಂಕಿನಲ್ಲಿಯೇ ಇರುತ್ತಿತ್ತು.

1972ರ ಮೇ ತಿಂಗಳಲ್ಲಿ, ಶ್ವಾಸಕೋಶದ ಶಸ್ತ್ರಚಿಕಿತ್ಸೆಯ ನಂತರ ವಿಶ್ರಾಂತಿಗೆಂದು ಬ್ರೈಟನ್ ಊರಿಗೆ ಹೋಗಿದ್ದ ಡೀಕಿನ್ ಅಲ್ಲಿಯೇ ತೀರಿಕೊಂಡ. ವಯಸ್ಸು ಅರವತ್ತು. ಹತ್ತಿರದ ಸಂಬಂಧಿ ಎಂದು ಬರೆಸಿದ್ದು ಬೇಕನ್‌ನ ಹೆಸರನ್ನು. ಹೀಗಾಗಿ ಹೆಣ ಗುರುತಿಸಲು ಬೇಕನ್ ಹೋಗಬೇಕಾಯಿತು. ಆಮೇಲೆ ಆ ಮನೆಯ ಮಂಚದ ಕೆಳಗಿನ ಪೆಟ್ಟಿಗೆಗಳು ಗುಜರಿಗೆ ಹೋಗದಂತೆ ಉಳಿದು, ಬ್ರೂಸ್ ಬರ್ನಾರ್ಡ್ ಎಂಬ ಗೆಳೆಯನ ಕೈಸೇರಿದವು. ಬರ್ನಾರ್ಡ್ ಪತ್ರಿಕೆಗಳಿಗೆ ಚಿತ್ರ ಆರಿಸುವ ಕೆಲಸದವನು, ಚಿತ್ರದ ಬೆಲೆ ತಿಳಿದವನು. ಪೆಟ್ಟಿಗೆ ಬಿಚ್ಚಿದ ಮೇಲೂ ಹನ್ನೆರಡು ವರ್ಷ ಬೇಕಾಯಿತು. 1984ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಆ ಚಿತ್ರಗಳು ಗೋಡೆ ಕಂಡವು. 1996ರಲ್ಲಿ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಯಲ್ಲಿ, ಆಮೇಲೆ ನಾನು ಕಂಡ 2014ರ ಪ್ರದರ್ಶನದಲ್ಲಿ. ನಡುವೆ ಯಾರೋ ಒಬ್ಬರು ಮನೆ ಖಾಲಿ ಮಾಡುವ ಅವಸರದಲ್ಲಿ ಆ ರಟ್ಟಿನ ಪೆಟ್ಟಿಗೆಗಳನ್ನು ಬೀದಿಗಿಟ್ಟಿದ್ದರೆ ನಾನು ಇಂದು ಇಲ್ಲಿ ನಿಂತು ಮಾತನಾಡಲು ಏನೂ ಇರುತ್ತಿರಲಿಲ್ಲ.

ನಮ್ಮಲ್ಲಿ ಆದದ್ದು ಅದೇ. ಹಳೆಯ ನೆಗೆಟಿವಿನಲ್ಲಿ ಬೆಳ್ಳಿಯ ಅಂಶವಿದೆ; ಎಕ್ಸರೇ ಫಿಲ್ಮಿನ ಜೊತೆಗೆ ಅದನ್ನೂ ತೂಕಕ್ಕೆ ಕೊಳ್ಳುವವರು ಊರೂರಿಗೆ ಬರುತ್ತಿದ್ದರು. ಬಣ್ಣದ ಫೋಟೋ ಬಂದು ಕತ್ತಲೆ ಕೋಣೆಗಳು ಮುಚ್ಚಿದಾಗ ಎಷ್ಟೋ ಸ್ಟುಡಿಯೊಗಳ ಮೂವತ್ತು ನಲವತ್ತು ವರ್ಷದ ಮುಖಗಳು ಹಾಗೆ ತೂಕಕ್ಕೆ ಹೋದವು. ಗಾಜಿನ ನೆಗೆಟಿವುಗಳನ್ನು ಬಿಸಿನೀರಿನಲ್ಲಿ ತೊಳೆದು ಗಾಜನ್ನು ಕಿಟಕಿಗೆ, ದೇವರ ಪಟಕ್ಕೆ ಹಾಕಿದವರೂ ಇದ್ದಾರೆ. ಅವರನ್ನು ದೂರುವಂತಿಲ್ಲ, ಬಡತನದ ಲೆಕ್ಕ ಬೇರೆ. ಆದರೆ ಈಗಲೂ ಉಳಿಸಿಕೊಂಡವರು ಇಲ್ಲಿದ್ದರೆ ಕೈಮುಗಿದು ಕೇಳುತ್ತೇನೆ: ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಿಗಿಯಬೇಡಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಸಾದಾ ಬಿಳಿ ಕಾಗದದಲ್ಲಿ ಒಂದೊಂದನ್ನೇ ಸುತ್ತಿ ಒಣ ಜಾಗದಲ್ಲಿಡಿ. ಡಬ್ಬಿ ತೆರೆದಾಗ ಹುಳಿಹುಳಿ ವಿನಿಗರ್ ವಾಸನೆ ಬಂದರೆ ಆ ಫಿಲ್ಮು ಸಾಯುತ್ತಿದೆ ಎಂದು ಅರ್ಥ. ಅದನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ಮಡಿಕೆ ಬಿದ್ದ ಪ್ರಿಂಟಿಗೆ ಇಸ್ತ್ರಿ ಹಾಕಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಹರಿದದ್ದು ಹರಿದಂತೆಯೇ ಇರಲಿ. ಲಂಡನ್ನಿನ ಗೋಡೆಯ ಮೇಲೆ ಆ ಬಿರುಕುಗಳನ್ನು ತುಂಬದೆ ಬಿಟ್ಟದ್ದು ಸರಿಯೆಂದು ನನಗೆ ಈಗಲೂ ಅನಿಸುತ್ತದೆ, ಏಕೆಂದರೆ ಚಿತ್ರಕ್ಕೆ ಏನಾಯಿತು ಎಂಬುದೂ ಚಿತ್ರದ ಭಾಗ.

ಕೊನೆಯದಾಗಿ ನಮ್ಮ ಟ್ರಂಕಿನ ವಿಷಯ. ಲಂಡನ್ನಿನಿಂದ ಬಂದ ಮೇಲೆ, ಇಪ್ಪತ್ತು ವರ್ಷ ತೆರೆಯದಿದ್ದ ಅದನ್ನು ತೆರೆದೆ. ತಂದೆಯವರು ಬಳಸುತ್ತಿದ್ದದ್ದು ಯಾಶಿಕಾ ಕ್ಯಾಮೆರಾ. 120ರ ರೋಲು, ಒಂದಕ್ಕೆ ಹನ್ನೆರಡು ಚೌಕ ಚಿತ್ರ. ಕಂಪನಿಯವರು ಹ್ಯಾಂಡ್‌ಬಿಲ್ಲಿಗೆ, ಬೋರ್ಡಿಗೆ ಫೋಟೋ ಬೇಕೆಂದಾಗ ತಂದೆಯವರು ಆಟ ಮುಗಿಯುವ ಹೊತ್ತಿಗೆ ಕ್ಯಾಂಪಿಗೆ ಹೋಗುತ್ತಿದ್ದರು. ಬಣ್ಣ ಹಚ್ಚಿದ, ಕಿರೀಟ ಇಟ್ಟ ಮುಖಗಳು ಎಂಟೋ ಒಂಬತ್ತೋ ಚಿತ್ರದಲ್ಲಿ ಮುಗಿಯುತ್ತಿದ್ದವು. ರೋಲು ಪೂರ್ತಿಯಾಗದೆ ತೊಳೆಯುವಂತಿಲ್ಲ, ಬೆಳಗ್ಗೆ ಪ್ರಿಂಟು ಕೊಡಬೇಕು. ಆದ್ದರಿಂದ ಉಳಿದ ಮೂರು ನಾಲ್ಕು ಚಿತ್ರಗಳನ್ನು ಪರದೆಯ ಹಿಂದೆ ಎದುರಿಗೆ ಸಿಕ್ಕವರ ಮೇಲೆ ಖರ್ಚು ಮಾಡುತ್ತಿದ್ದರು. ಕೊಬ್ಬರಿ ಎಣ್ಣೆ ಸವರಿ ಅರ್ಧ ಬಣ್ಣ ಒರೆಸಿದ ಮುಖ, ಕಾಲು ಚಾಚಿ ಬೀಡಿ ಹಚ್ಚಿದ ಖಳನಾಯಕ, ಮಗುವಿಗೆ ಹಾಲೂಡುತ್ತ ಗೋಡೆಗೆ ಒರಗಿದ ಹೆಂಗಸು. ಇವಕ್ಕೆ ಟಚಪ್ ಇಲ್ಲ, ಪ್ರಿಂಟೂ ಹಾಕಿರಲಿಲ್ಲ. ಕಾಸು ಕೊಡುವವರಿಲ್ಲದ ಚಿತ್ರಗಳಿಗೆ ಪೆನ್ಸಿಲು ಏಕೆ? ರೋಲಿನ ಕೊನೆಯ ಆ ಚೌಕಗಳನ್ನು ಬೆಳಕಿಗೆ ಹಿಡಿದು ನೋಡುತ್ತ ಹೋದಂತೆ, ಡೀಕಿನ್‌ನ ಗೋಡೆಯ ಮುಂದೆ ನಿಂತಾಗ ಆದದ್ದೇ ನನಗೆ ಮತ್ತೆ ಆಯಿತು. ತಾವು ನೋಡುತ್ತಿರುವುದು ಏನೆಂದು ನಮ್ಮ ತಂದೆಯವರಿಗೆ ಆ ಘಳಿಗೆಗಳಲ್ಲಿ ಗೊತ್ತಿತ್ತು. ಅವರು ಅದಕ್ಕೆ ಕಲೆ ಎಂದು ಹೆಸರಿಡಲಿಲ್ಲ, ಅಷ್ಟೇ.

ಅವುಗಳಲ್ಲಿ ಮೂರಕ್ಕೆ ಪ್ರಿಂಟು ಹಾಕಿಸಿ ತಂದಿದ್ದೇನೆ; ಕಿಟಕಿಯ ಪಕ್ಕದ ಮೇಜಿನ ಮೇಲಿವೆ. ಮೂರರಲ್ಲಿಯೂ ಒಬ್ಬಳೇ ನಟಿ, ಮೂರು ಬೇರೆ ಬೇರೆ ಜಾತ್ರೆಯ ವರ್ಷಗಳವು ಎಂದು ಕವರಿನ ಮೇಲಿನ ಗುರುತಿನಿಂದ ತಿಳಿಯುತ್ತದೆ. ಕಂಪನಿಯ ಹೆಸರೂ ಇಲ್ಲ, ಆಕೆಯ ಹೆಸರೂ ಇಲ್ಲ. ಆಕೆಯನ್ನಾಗಲಿ, ಆಕೆಯ ಮನೆಯವರನ್ನಾಗಲಿ ಕೇಳದೆ ಇವನ್ನು ಗೋಡೆಗೆ ಹಾಕುವ ಹಕ್ಕು ನನಗಿಲ್ಲ, ಆದ್ದರಿಂದ ದಯವಿಟ್ಟು ಮೊಬೈಲಿನಲ್ಲಿ ಯಾರೂ ತೆಗೆದುಕೊಳ್ಳಬೇಡಿ. ಆ ಕಾಲದಲ್ಲಿ ಜಾತ್ರೆಯ ನಾಟಕ ನೋಡಿದ ಹಿರಿಯರು ಮೊದಲು ಬನ್ನಿ. ಪ್ರಿಂಟಿನ ಅಂಚು ಮಾತ್ರ ಹಿಡಿದು, ಬೆಳಕಿಗೆ ತಂದು, ಮುಖವನ್ನು ಸಾವಕಾಶವಾಗಿ ನೋಡಿ. ಹೆಸರು ನೆನಪಾದರೆ ಪಕ್ಕದಲ್ಲಿ ಒಂದು ನೋಟ್ ಪುಸ್ತಕವಿದೆ, ಅದರಲ್ಲಿ ಬರೆಯಿರಿ.